ವರ್ತಮಾನಪತ್ರಿಕೆಗಳೂ ಸರ್ವನಾಮವೂ

ವ್ಯಾಕರಣವನ್ನು ಹೇಳಿಕೊಟ್ಟು ಜೀವನ ಸಾಗಿಸಿದವನಿಗೆ ವರ್ತಮಾನಪತ್ರಿಕೆಯನ್ನು ಓದುವಾಗಲೂ ವಾರ್ತೆಗಿಂತ ಮೊದಲು ಪ್ರತ್ಯಯಗಳೇ ಕಣ್ಣಿಗೆ ಬೀಳುತ್ತವೆ. ಇದು ಗುಣವೆಂದು ನಾನು ಹೇಳಲಾರೆ. ನಮ್ಮ ಮನೆಯವರಂತೂ ಇದನ್ನು ವ್ಯಾಧಿಯೆಂದೇ ಎಣಿಸಿದ್ದಾರೆ. ಈ ವ್ಯಾಧಿಯ ಫಲವಾಗಿ ಕೆಲವು ವರ್ಷಗಳಿಂದ ನಾನು ಒಂದು ಬಗೆಯ ವಾರ್ತೆಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತ ಬಂದಿದ್ದೇನೆ. ಇಂಗ್ಲಿಷಿನಲ್ಲಿ ಟ್ರಾನ್ಸ್‌ಜೆಂಡರ್ ಎಂದೂ, ಈಚಿನ ಕನ್ನಡದಲ್ಲಿ ಲಿಂಗತ್ವ ಅಲ್ಪಸಂಖ್ಯಾತರು ಎಂದೂ, ಪತ್ರಿಕೆಗಳ ರೂಢಿಯಲ್ಲಿ ಮಂಗಳಮುಖಿಯರು ಎಂದೂ ಹೇಳಿಸಿಕೊಳ್ಳುವ ಜನರನ್ನು ಕುರಿತ ವಾರ್ತೆಗಳು ಅವು.

ಅಂತಹ ವಾರ್ತೆಯ ಮಾದರಿಯೊಂದನ್ನು ಇಲ್ಲಿ ಕೊಡುತ್ತೇನೆ. ಇದು ಯಾವ ಒಂದು ಪತ್ರಿಕೆಯ ಬರಹವೂ ಅಲ್ಲ. ಹಲವು ಪತ್ರಿಕೆಗಳ ಧಾಟಿಯನ್ನು ನೋಡಿ ನಾನೇ ಹೆಣೆದದ್ದು. ತಲೆಬರಹವು "ಹೋಟೆಲ್ ತೆರೆದ ಮಂಗಳಮುಖಿ" ಎಂದಿರುತ್ತದೆ. ಮೊದಲ ವಾಕ್ಯದಲ್ಲಿ "ಈಕೆ ಸಾಲ ಪಡೆದು ವ್ಯಾಪಾರ ಆರಂಭಿಸಿದ್ದಾಳೆ" ಎಂದು ಬರುತ್ತದೆ. ಮೂರನೆಯ ವಾಕ್ಯಕ್ಕೆ ಬರುವ ವೇಳೆಗೆ "ಗಂಡಾಗಿ ಹುಟ್ಟಿದ ಇವನು ಹದಿನೈದನೆಯ ವಯಸ್ಸಿನಲ್ಲಿ ಮನೆ ಬಿಟ್ಟನು" ಎಂದಾಗುತ್ತದೆ. ಕಡೆಗೆ "ಸರ್ಕಾರವು ನೆರವಾಗಬೇಕೆಂದು ಅವರು ಕೋರಿದರು" ಎಂದು ಮುಕ್ತಾಯ. ಹತ್ತು ಸಾಲುಗಳೊಳಗೆ ಒಂದೇ ಜೀವವು ಹೆಣ್ಣಾಗಿ, ಗಂಡಾಗಿ, ಬಹುವಚನವಾಗಿ ಮೂರು ಜನ್ಮಗಳನ್ನೆತ್ತಿತು. ಶಾಲೆಯ ಹುಡುಗನು ಹೀಗೆ ಬರೆದು ತಂದಿದ್ದರೆ ನಾನು ಕೆಂಪು ಮಸಿಯಲ್ಲಿ ಗೆರೆ ಎಳೆಯುತ್ತಿದ್ದೆನು.

ಇದು ಅಚ್ಚಿನ ಅವಸರದಲ್ಲಿ ಆಗುವ ಕೈತಪ್ಪೆಂದು ಬಹುಕಾಲ ಭಾವಿಸಿದ್ದೆನು. ಈಗ ಹಾಗೆ ತೋರುವುದಿಲ್ಲ. ಬರೆಯುವವರಿಗೆ ವ್ಯಾಕರಣವು ಬಾರದೆ ಆದ ತಪ್ಪಲ್ಲ ಇದು. ತಾವು ಯಾರನ್ನು ಕುರಿತು ಬರೆಯುತ್ತಿರುವರೋ ಆ ವ್ಯಕ್ತಿಯನ್ನು ಏನೆಂದು ಒಪ್ಪಬೇಕೆಂಬುದು ಮನಸ್ಸಿನಲ್ಲಿ ಇತ್ಯರ್ಥವಾಗದೆ ಆದದ್ದು. ಆದಕಾರಣ ಈ ವಿಷಯವಾಗಿ ನಾಲ್ಕು ಮಾತು ಬರೆಯುವುದು ಅನುಚಿತವಾಗಲಾರದೆಂದು ನಂಬಿದ್ದೇನೆ.

ಮೊದಲು ನಮ್ಮ ನುಡಿಯ ಸ್ವಭಾವವನ್ನು ನೋಡಬೇಕು. ಸಂಸ್ಕೃತದಲ್ಲಿ ಲಿಂಗವು ಶಬ್ದಕ್ಕೆ ಅಂಟಿಕೊಂಡದ್ದು, ಅರ್ಥಕ್ಕಲ್ಲ. ಹೆಂಡತಿಯೆಂಬ ಒಂದೇ ಅರ್ಥದಲ್ಲಿ ಭಾರ್ಯಾ ಶಬ್ದವು ಸ್ತ್ರೀಲಿಂಗ, ಕಲತ್ರ ಶಬ್ದವು ನಪುಂಸಕಲಿಂಗ, ದಾರ ಶಬ್ದವು ಪುಲ್ಲಿಂಗ, ಅದೂ ನಿತ್ಯಬಹುವಚನ. ಪಾಠಶಾಲೆಯಲ್ಲಿ ಇದನ್ನು ಕಲಿತ ದಿನ ನಾವು ಹುಡುಗರೆಲ್ಲ ನಕ್ಕದ್ದು ಇನ್ನೂ ನೆನಪಿದೆ. ಪತಂಜಲಿಯು ಮಹಾಭಾಷ್ಯದಲ್ಲಿ ಈ ತೊಡಕನ್ನೇ ಎತ್ತಿಕೊಂಡು, ದೇಹದ ಚಿಹ್ನೆಗಳಿಂದ ಗಂಡುಹೆಣ್ಣುಗಳನ್ನು ನಿರ್ಣಯಿಸುವ ಲೌಕಿಕಲಕ್ಷಣವನ್ನು ಮೊದಲು ಮುಂದಿಟ್ಟು, ಅದು ಶಬ್ದಶಾಸ್ತ್ರಕ್ಕೆ ಸಾಲದೆಂದು ತೋರಿಸಿದ್ದಾನೆ. ಲಿಂಗವು ಲೋಕದ ವ್ಯವಹಾರವನ್ನು ಆಶ್ರಯಿಸಿರುವುದರಿಂದ ಶಾಸ್ತ್ರವು ಅದನ್ನು ವಿಧಿಸಬೇಕಾದುದಿಲ್ಲವೆಂಬುದೂ ಅವನ ಮಾತೇ.

ಕನ್ನಡದ ಹಾದಿ ಬೇರೆ. ಇಲ್ಲಿ ಲಿಂಗವು ಅರ್ಥವನ್ನು ಹಿಂಬಾಲಿಸುತ್ತದೆ. ಗಂಡಸರನ್ನು ಹೇಳಿದರೆ ಪುಲ್ಲಿಂಗ, ಹೆಂಗಸರನ್ನು ಹೇಳಿದರೆ ಸ್ತ್ರೀಲಿಂಗ, ಮಿಕ್ಕುದು ನಪುಂಸಕ. ೧೩ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಈ ಮೂರನ್ನು ಹೇಳಿ ಅಷ್ಟಕ್ಕೇ ನಿಲ್ಲದೆ, ಅವುಗಳ ಬೆರಕೆಯಿಂದಾಗುವ ಲಿಂಗಗಳನ್ನೂ ಎಣಿಸಿದ್ದಾನೆ. ಹಳಬರಿಗೆ ಮೂರೇ ಗೂಡುಗಳು ಸಾಲಲಿಲ್ಲವೆಂಬುದನ್ನು ನಾವು ಗಮನಿಸಬೇಕು. ಲಿಂಗವು ಅರ್ಥವನ್ನು ಅನುಸರಿಸುವ ಭಾಷೆಯಲ್ಲಿ ಅವನು, ಅವಳು ಎಂಬ ಪದಗಳು ಬರಿಯ ಶಬ್ದರೂಪಗಳಲ್ಲ. ಒಬ್ಬ ವ್ಯಕ್ತಿಯನ್ನು ಕುರಿತು ಬರೆಯುವವರು ಹಾಕುವ ಸಹಿಗಳು.

ಇನ್ನೊಂದು ವಿಶೇಷವುಂಟು. ಕನ್ನಡದಲ್ಲಿ "ನಾನು ಬಂದೆನು" ಎಂಬಲ್ಲಿ ಲಿಂಗವಿಲ್ಲ. "ನೀನು ಬಂದೆ" ಎಂಬಲ್ಲಿಯೂ ಲಿಂಗವಿಲ್ಲ. ಹಿಂದಿಯವರಿಗೆ ಈ ಸೌಕರ್ಯವಿಲ್ಲ. ತಾನು ಬರುತ್ತೇನೆಂದು ಹೇಳಿಕೊಳ್ಳುವಾಗಲೂ ಗಂಡು ಒಂದು ರೂಪವನ್ನು, ಹೆಣ್ಣು ಒಂದು ರೂಪವನ್ನು ಆಡಬೇಕು. ಬಂಗಾಳಿಯಲ್ಲಿಯಾದರೋ ಎದುರಿಗಿಲ್ಲದವರನ್ನು ಹೇಳುವಾಗಲೂ ಸರ್ವನಾಮದಲ್ಲಿ ಗಂಡುಹೆಣ್ಣೆಂಬ ಭೇದವಿಲ್ಲ. ನಮ್ಮದು ನಡುವಣ ಸ್ಥಿತಿ. ಮಾತನಾಡುವವರಿಗೆ ಲಿಂಗವಿಲ್ಲ, ಕೇಳುವವರಿಗೆ ಲಿಂಗವಿಲ್ಲ. ಸಂಸ್ಕೃತವೈಯಾಕರಣರು ಪ್ರಥಮಪುರುಷವೆಂದು ಕರೆಯುವ, ಅಲ್ಲಿಲ್ಲದ ಆ ಮೂರನೆಯವರಿಗೆ ಮಾತ್ರ ಲಿಂಗ. ಎಂದರೆ ಕನ್ನಡಿಗರಿಗೆ ಲಿಂಗವು ಬರುವುದು ಪರರ ಬಾಯಿಂದ, ಅದೂ ಬೆನ್ನ ಹಿಂದೆ. ವರ್ತಮಾನಪತ್ರಿಕೆಯ ಕೆಲಸವೆಲ್ಲ ಎದುರಿಗಿಲ್ಲದವರನ್ನು ಕುರಿತು ಹೇಳುವುದೇ ಆಗಿದೆ. ಎದುರಿಗಿದ್ದವರು "ಹಾಗಲ್ಲ" ಎಂದು ತಿದ್ದಬಲ್ಲರು. ಪರೋಕ್ಷದಲ್ಲಿರುವವರಿಗೆ ಆ ಅವಕಾಶವಿಲ್ಲ. ಪತ್ರಿಕೆಯವರ ಹೊಣೆಯು ನಮ್ಮನಿಮ್ಮ ಹೊಣೆಗಿಂತ ಹೆಚ್ಚಿನದೆಂದು ನಾನು ಹೇಳುವುದು ಇದರಿಂದಲೇ.

ಇಂಗ್ಲಿಷ್ ಪತ್ರಿಕೆಗಳಲ್ಲಿಯೂ ಈ ವಿವಾದ ನಡೆದಿದೆ. ೨೦೧೩ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಸೈನ್ಯದ ರಹಸ್ಯಪತ್ರಗಳನ್ನು ಹೊರಗೆಡಹಿ ಶಿಕ್ಷೆಗೊಳಗಾದ ಚೆಲ್ಸಿ ಮ್ಯಾನಿಂಗ್ ಎಂಬವರು, ತಾವು ಹೆಣ್ಣೆಂದೂ ತಮ್ಮನ್ನು ಹಾಗೆಯೇ ಕರೆಯಬೇಕೆಂದೂ ಪ್ರಕಟಿಸಿದರು. ಅಲ್ಲಿಯ ಕೆಲವು ದೊಡ್ಡ ಪತ್ರಿಕೆಗಳೂ ವಾರ್ತಾಸಂಸ್ಥೆಗಳೂ ಮೊದಲು ಹಿಂಜರಿದು, ಕೆಲವೇ ದಿನಗಳಲ್ಲಿ ಒಪ್ಪಿಕೊಂಡವು. ಆದರೆ ಅವರ ಕಷ್ಟವು ಒಂದು ಪದದ ಕಷ್ಟ. ಆ ಪದವನ್ನು ಬಿಟ್ಟು ಹೆಸರನ್ನೇ ಮತ್ತೆ ಮತ್ತೆ ಬರೆದರೆ ತೀರಿತು. ನಮ್ಮಲ್ಲಿ ಹೆಸರನ್ನು ಬರೆದರೂ ಕ್ರಿಯಾಪದವು ಬಿಡುವುದಿಲ್ಲ. ಬಂದನೋ, ಬಂದಳೋ, ಬಂದಿತೋ ಎಂಬುದನ್ನು ಹೇಳದೆ ವಾಕ್ಯವು ಮುಗಿಯದು. ಪ್ರತಿಯೊಂದು ವಾಕ್ಯದ ಬಾಲದಲ್ಲಿಯೂ ಪ್ರಶ್ನೆಯು ಕುಳಿತಿರುತ್ತದೆ.

ಬಂದಿತೋ ಎಂದೆನಷ್ಟೆ. ಇದನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಕನ್ನಡದ ಏಕವಚನದಲ್ಲಿ ಅವನು, ಅವಳು, ಅದು ಎಂದು ಮೂರು. ಬಹುವಚನದಲ್ಲಿ ಅವರು, ಅವು ಎಂದು ಎರಡೇ. ಬಹುವಚನಕ್ಕೆ ಹೋದೊಡನೆ ಗಂಡುಹೆಣ್ಣುಗಳ ಭೇದವು ಕರಗುತ್ತದೆ. ಮನುಷ್ಯರು ಮತ್ತು ಮನುಷ್ಯರಲ್ಲದವು ಎಂಬ ಭೇದವೊಂದೇ ಉಳಿಯುತ್ತದೆ. ಆದುದರಿಂದ ಬೆಳೆದ ಮನುಷ್ಯರೊಬ್ಬರನ್ನು ಅದು ಎಂದರೆ ಗಂಡಲ್ಲ ಹೆಣ್ಣಲ್ಲ ಎಂದಷ್ಟೇ ಹೇಳಿದಂತಾಗಲಿಲ್ಲ. ಅವರು ಎಂಬ ಗುಂಪಿನಿಂದ ಎತ್ತಿ ಅವು ಎಂಬ ಗುಂಪಿಗೆ ಎಸೆದಂತಾಯಿತು. ಹವ್ಯಕರ ಮನೆಮಾತಿನಲ್ಲಿ ಹೆಂಗಸರನ್ನು ನಪುಂಸಕದಲ್ಲಿಯೇ ಹೇಳುವ ವಾಡಿಕೆಯಿಲ್ಲವೆ ಎಂದು ಯಾರಾದರೂ ಕೇಳಬಹುದು. ಉಂಟು. ಅಲ್ಲಿ ತಾಯಿ, ಅಕ್ಕ, ಹೆಂಡತಿ, ಮಗಳು ಎಲ್ಲರಿಗೂ ಅದೇ ರೂಪ. ಅದು ಆ ಮನೆಗಳ ಲೋಕವ್ಯವಹಾರ. ಎಲ್ಲರಿಗೂ ಸಲ್ಲುವ ರೂಪದಲ್ಲಿ ಅವಮಾನವಿಲ್ಲ. ಊರಿಗೆಲ್ಲ ಒಂದು ರೂಪವನ್ನಿಟ್ಟು ಒಬ್ಬರಿಗೆ ಮಾತ್ರ ಬೇರೆ ರೂಪವನ್ನು ಮೀಸಲಿಡುವುದರಲ್ಲಿ ಅವಮಾನವಿದೆ.

ಹಾಗಾದರೆ ಎಲ್ಲರಿಗೂ ಅವರು ಎಂದು ಬರೆದುಬಿಟ್ಟರಾಗದೆ? ಮರ್ಯಾದೆಯೂ ಉಳಿಯಿತು, ಲಿಂಗದ ಗೋಜೂ ತಪ್ಪಿತು. ಒಳ್ಳೆಯ ಉಪಾಯವೇ ಸರಿ. ತಾವು ಗಂಡೂ ಅಲ್ಲ ಹೆಣ್ಣೂ ಅಲ್ಲವೆನ್ನುವವರಿಗಂತೂ ಕನ್ನಡದಲ್ಲಿ ಅದಕ್ಕಿಂತ ತಕ್ಕ ಪದವಿಲ್ಲ. ಆದರೆ ನಮ್ಮ ಪತ್ರಿಕೆಗಳಲ್ಲಿ ಅವರು ಎಂಬುದನ್ನು ಯಾರಿಗೆ ಕೊಡುತ್ತಾರೆಂಬುದನ್ನು ನೋಡಿರಿ. ಅಕ್ಕೈ ಪದ್ಮಶಾಲಿಯವರಿಗೆ ೨೦೧೫ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದಿತು. ಬಳ್ಳಾರಿಯ ಸೀಮೆಯ ಮಂಜಮ್ಮ ಜೋಗತಿಯವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು; ೨೦೨೧ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿಭವನದಲ್ಲಿ ಪ್ರಶಸ್ತಿಯನ್ನು ಸ್ವೀಕರಿಸುವ ಮುನ್ನ ಅವರು ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದುದನ್ನು ದೇಶವೆಲ್ಲ ಕಂಡಿತು. ಇಂತಹವರಿಗೆ ಬಹುವಚನವು ತಾನಾಗಿ ಒದಗುತ್ತದೆ, ಒದಗಬೇಕಾದುದೇ. ಪೊಲೀಸ್ ಠಾಣೆಯ ವಾರ್ತೆಗೆ ಬನ್ನಿರಿ. ಅಲ್ಲಿ ಆರೋಪಿಗೂ ಏಕವಚನ, ಪೆಟ್ಟು ತಿಂದವರಿಗೂ ಬಹುಮಟ್ಟಿಗೆ ಏಕವಚನ. ಠಾಣೆಯ ಕಾಗದದಲ್ಲಿ ಹಳೆಯ ಹೆಸರೂ ಪುಲ್ಲಿಂಗವೂ ಇದ್ದರೆ ಅದೇ ಹಾಗೆಯೇ ಅಚ್ಚಾಗುತ್ತದೆ. ಜತೆಗೆ "ಹೆಣ್ಣಿನ ವೇಷದಲ್ಲಿದ್ದ" ಎಂಬ ವಿಶೇಷಣವೊಂದು ಸೇರುತ್ತದೆ. ೧೮೭೧ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿ ಇಂತಹ ಜನರ ಹೆಸರುಗಳನ್ನು ಪಟ್ಟಿಮಾಡಿಡಬೇಕೆಂಬ ಭಾಗವೊಂದಿದ್ದಿತು. ಆ ಕಾಯಿದೆಯು ಹೋಗಿ ಬಹುಕಾಲವಾಯಿತು. ಅದರ ಕಣ್ಣು ಮಾತ್ರ ನಮ್ಮ ವರದಿಗಳಲ್ಲಿ ಇನ್ನೂ ತೆರೆದಿದೆ. ಪ್ರಶಸ್ತಿ ಬಂದ ದಿನ ಹೆಣ್ಣೆಂದು ಒಪ್ಪಿ, ಪೆಟ್ಟು ಬಿದ್ದ ದಿನ ವೇಷವೆನ್ನುವುದು ಯಾವ ನ್ಯಾಯ? ಸರ್ವನಾಮದ ಪರೀಕ್ಷೆ ನಡೆಯುವುದು ಸನ್ಮಾನದ ವಾರ್ತೆಯಲ್ಲಲ್ಲ, ಈ ಏಕವಚನದಲ್ಲಿ.

ಬಹುವಚನವು ಕೆಲವೊಮ್ಮೆ ಮರ್ಯಾದೆಯಾಗದೆ ಮರೆಯಾಗುತ್ತದೆಂಬುದನ್ನು ನಾನು ನನ್ನ ಮನೆಯ ಜಗಲಿಯ ಮೇಲೆಯೇ ಕಲಿತೆನು. ಈಚೆಗೆ ನನ್ನ ಹಳೆಯ ಶಿಷ್ಯೆಯೊಬ್ಬಳು ಬಂದಿದ್ದಳು. ಶಾಲೆಯಲ್ಲಿ ನಾನು ಅವಳನ್ನು ಬೇರೆ ಹೆಸರಿನಿಂದ ಕರೆದಿದ್ದೆನು; ಆ ಹೆಸರು ಇಲ್ಲಿ ಬೇಕಾಗಿಲ್ಲ. ತರಗತಿಯಲ್ಲಿ ನಪುಂಸಕಲಿಂಗದ ಪಾಠ ಬಂದಾಗಲೆಲ್ಲ ಹಿಂದಿನ ಬೆಂಚಿನ ಹುಡುಗರು ಆ ಮಗುವಿನ ಕಡೆ ನೋಡಿ ನಗುತ್ತಿದ್ದರು. ಗದ್ದಲ ಮಾಡಬೇಡಿರೆಂದು ನಾನು ಗದರಿಸಿದೆನೇ ಹೊರತು ನಗೆಯ ಕಾರಣವನ್ನು ಒಂದು ದಿನವೂ ಕೇಳಲಿಲ್ಲ. ಈಗ ಸೀರೆಯುಟ್ಟು, ಹಣ್ಣು ತಂದು, ಕಾಲಿಗೆರಗಿದಳು. ಗುರುತು ಹತ್ತಿದ ಮೇಲೆ "ಯಾವಾಗ ಬಂದೆ, ಚೆನ್ನಾಗಿದ್ದೀಯಾ" ಎಂದು ಕೇಳಿದೆನು. ಮಧ್ಯಮಪುರುಷವು ನನ್ನನ್ನು ಕಾಪಾಡಿತು. ಆದರೆ ಒಳಗಿದ್ದ ಮನೆಯವರನ್ನು ಕೂಗಿ ಯಾರು ಬಂದಿರುವರೆಂದು ಹೇಳಹೊರಟಾಗ ಕ್ರಿಯಾಪದದ ಹೊಸ್ತಿಲಲ್ಲಿ ಎಡವಿದೆನು. ಒಂದು ಕ್ಷಣ ತಡೆದು "ಬಂದಿದ್ದಾರೆ" ಎಂದು ಮುಗಿಸಿದೆನು. ಅವಳು ನಕ್ಕುಬಿಟ್ಟಳು. "ಮೇಷ್ಟ್ರೇ, ಬಹುವಚನದ ಹಿಂದೆ ಅವಿತುಕೊಂಡಿರಿ. ನಿಮ್ಮ ಬೇರೆ ಶಿಷ್ಯರು ಬಂದರೂ ಹೀಗೇ ಅಂತೀರಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಅವಳು ನನ್ನಿಂದ ಬಯಸಿದ್ದು ಗೌರವವನ್ನಲ್ಲ. ಮಿಕ್ಕ ಹೆಣ್ಣುಮಕ್ಕಳಿಗೆ ನಾನು ಸಲಿಗೆಯಿಂದ ಕೊಡುವ ಏಕವಚನವನ್ನು. ಅವಳು ಹೊರಡುವಾಗ ನಾನು ಒಳಕ್ಕೆ ಮುಖ ಮಾಡಿ "ಇವಳು ಹೊರಟಳು, ಕುಂಕುಮ ತಾ" ಎಂದೆನು. ವ್ಯಾಕರಣದಲ್ಲಿ ನನಗಾದ ಕಡೆಯ ಪಾಠ ಅದು.

ಇನ್ನು ಪೂರ್ವಪಕ್ಷಗಳು. ಪತ್ರಿಕೆಯು ಸತ್ಯವನ್ನು ಹೇಳಬೇಕು, ಹುಟ್ಟಿನ ದೇಹವು ಸತ್ಯ, ಆದುದರಿಂದ ಹುಟ್ಟಿನ ಲಿಂಗವನ್ನೇ ಬರೆಯಬೇಕೆಂಬುದು ಮೊದಲನೆಯದು. ಸಮಾಧಾನವಿಷ್ಟೆ: ಪತ್ರಿಕೆಯವರು ಯಾರ ದೇಹವನ್ನು ಪರೀಕ್ಷಿಸಿ ಸರ್ವನಾಮವನ್ನು ಬರೆದಿದ್ದಾರೆ? ಜಿಲ್ಲಾಧಿಕಾರಿಗಳನ್ನಾಗಲಿ ಸಂಗೀತಗಾರರನ್ನಾಗಲಿ ಹೆಸರು, ಉಡುಗೆ, ನಡೆನುಡಿಗಳನ್ನು ಕಂಡು ಅವನೆಂದೋ ಅವಳೆಂದೋ ಬರೆಯುತ್ತಾರೆ. ಎಲ್ಲರಿಗೂ ಬಾಳಿನ ಸಾಕ್ಷ್ಯವು ಸಾಕಾಗಿರಲು ಇವರಿಗೆ ಮಾತ್ರ ದೇಹದ ಸಾಕ್ಷ್ಯವನ್ನು ಕೇಳುವುದು ಸತ್ಯನಿಷ್ಠೆಯಲ್ಲ, ಪಂಕ್ತಿಭೇದ. ೨೦೧೪ನೆಯ ಇಸವಿಯ ಏಪ್ರಿಲ್ ೧೫ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ತಾನು ಗಂಡೋ ಹೆಣ್ಣೋ ತೃತೀಯಲಿಂಗವೋ ಎಂಬುದನ್ನು ಅವರವರೇ ಹೇಳತಕ್ಕದ್ದೆಂದು ತೀರ್ಪಿತ್ತರು. ಕಾಯಿದೆಗಳು ಬರುತ್ತವೆ, ತಿದ್ದುಪಡಿಯಾಗುತ್ತವೆ. ಒಬ್ಬರ ಬಾಳನ್ನು ಅವರು ಬಾಳುತ್ತಿರುವಂತೆ ಹೇಳುವ ಸೌಜನ್ಯಕ್ಕೆ ಯಾವ ಕಾಯಿದೆಯ ಅಪ್ಪಣೆಯೂ ಬೇಕಾಗಿಲ್ಲ.

ಎರಡನೆಯದು: ಬಾಲ್ಯದ ಸಂಗತಿಯನ್ನು ಹೇಳುವಾಗ ಹಳೆಯ ಹೆಸರನ್ನೂ ಹಳೆಯ ಲಿಂಗವನ್ನೂ ಬಳಸದಿದ್ದರೆ ಓದುಗರಿಗೆ ಗೊಂದಲವಾದೀತೆಂಬುದು. ಈ ಗೊಂದಲವು ಮಠದ ಸ್ವಾಮಿಗಳ ವಿಷಯದಲ್ಲಿ ಏಕೆ ಆಗುವುದಿಲ್ಲ? ಸಂನ್ಯಾಸವನ್ನು ಸ್ವೀಕರಿಸಿದವರ ಪೂರ್ವಾಶ್ರಮದ ಹೆಸರನ್ನು ನಾವು ಹೇಳುವುದಿಲ್ಲ. ಹೇಳಲೇಬೇಕಾದಾಗ ಪೂರ್ವಾಶ್ರಮವೆಂಬ ಮಾತನ್ನು ಮುಂದಿಟ್ಟು ಒಂದು ಸಲ ಹೇಳಿ ಮುಗಿಸುತ್ತೇವೆ. ಅವರು ಆಡಿದ ಹುಡುಗಾಟಗಳನ್ನು ಬರೆಯುವಾಗಲೂ "ಸ್ವಾಮಿಗಳು ಬಾಲ್ಯದಲ್ಲಿ" ಎಂದೇ ಬರೆಯುತ್ತೇವೆ. ಯಾವ ಓದುಗನೂ ದಾರಿ ತಪ್ಪಿದ್ದನ್ನು ಕಾಣೆ. ಒಂದು ಬಾಳನ್ನು ಬಿಟ್ಟು ಇನ್ನೊಂದನ್ನು ಹಿಡಿದವರಿಗೆ ಸಲ್ಲಿಸಬೇಕಾದ ಈ ಮರ್ಯಾದೆಯು ನಮ್ಮ ಬಳಿ ಬಹುಕಾಲದಿಂದ ಇದೆ. ಹೊಸದಾಗಿ ಎಲ್ಲಿಂದಲೂ ತರಬೇಕಾಗಿಲ್ಲ.

ಮೂರನೆಯದು: ಇದೆಲ್ಲ ಪರದೇಶದ ಹೊಸ ಗೀಳು, ನಮ್ಮ ಪರಂಪರೆಯಲ್ಲಿಲ್ಲವೆಂಬುದು. ಹೀಗೆನ್ನುವವರು ಮಹಾಭಾರತದ ಉದ್ಯೋಗಪರ್ವವನ್ನು ತೆರೆದು ನೋಡಲಿ. ದ್ರುಪದನಿಗೆ ಮಗಳಾಗಿ ಹುಟ್ಟಿ ಮಗನೆಂದು ಬೆಳೆದು, ಸ್ಥೂಣಾಕರ್ಣನೆಂಬ ಯಕ್ಷನಿಂದ ಪುರುಷತ್ವವನ್ನು ಪಡೆದ ಶಿಖಂಡಿಯ ಕಥೆಯನ್ನು ದುರ್ಯೋಧನನಿಗೆ ಹೇಳುವವನು ಸ್ವತಃ ಭೀಷ್ಮನು. ಶಿಖಂಡಿನೀ ಎಂಬ ಸ್ತ್ರೀಲಿಂಗಶಬ್ದವು ಶಿಖಂಡೀ ಎಂಬ ಪುಲ್ಲಿಂಗವಾಗುವುದು ಆ ಕಥೆಯಲ್ಲಿಯೇ. ಹಿಂದೆ ಹೆಣ್ಣಾಗಿದ್ದವನೊಡನೆ ಯುದ್ಧಮಾಡೆನೆಂಬುದು ಭೀಷ್ಮನ ವ್ರತ. ಆದರೆ ಅದೇ ಭೀಷ್ಮನು ಎರಡು ಪಕ್ಷಗಳ ರಥಿಕರನ್ನು ಎಣಿಸಿ ಹೇಳುವಾಗ ಶಿಖಂಡಿಯನ್ನು ಪಾಂಚಾಲರಾಜನ ಪುತ್ರನೆಂದೂ ಶ್ರೇಷ್ಠನಾದ ರಥಿಕನೆಂದೂ ಹೇಳಿದ್ದಾನೆ. ಬಾಣವನ್ನು ಕೆಳಗಿಟ್ಟವನು ಸರ್ವನಾಮವನ್ನು ಕೆಳಗಿಡಲಿಲ್ಲ. ಭೀಷ್ಮನಿಗೆ ಮೃತ್ಯುವಾಗಿ ಬಂದವನಿಗೆ ಭೀಷ್ಮನೇ ಕೊಟ್ಟ ಲಿಂಗವನ್ನು ನಾವು ಕಿತ್ತುಕೊಂಡು, ಆ ವೀರನ ಹೆಸರನ್ನು ಬೀದಿಯ ಬೈಗುಳವನ್ನಾಗಿ ಮಾಡಿಕೊಂಡಿದ್ದೇವೆ. ಪರಂಪರೆಗೆ ಎರವಾದವರು ಯಾರೆಂಬುದನ್ನು ವಾಚಕರೇ ನಿರ್ಣಯಿಸಲಿ.

ಈಚಿನ ಕೃತಿಯೊಂದನ್ನೂ ಹೇಳಬೇಕು. ಲಿವಿಂಗ್ ಸ್ಮೈಲ್ ವಿದ್ಯಾ ಎಂಬವರು ತಮಿಳಿನಲ್ಲಿ ಬರೆದ ಆತ್ಮಕಥೆಯನ್ನು ಆಧರಿಸಿ ಬಿ. ಎಸ್. ಲಿ೦ಗದೇವರು ನಿರ್ದೇಶಿಸಿದ ಕನ್ನಡ ಚಲನಚಿತ್ರವು ೨೦೧೫ರಲ್ಲಿ ತೆರೆಗೆ ಬಂದಿತು. ಅದರಲ್ಲಿ ಮುಖ್ಯಪಾತ್ರವನ್ನು ವಹಿಸಿದ ಸಂಚಾರಿ ವಿಜಯ್ ಅವರು ಉತ್ತಮ ನಟರೆಂದು ರಾಷ್ಟ್ರಪ್ರಶಸ್ತಿ ಪಡೆದರು. ೨೦೨೧ರಲ್ಲಿ ಅಪಘಾತದಿಂದ ಅಕಾಲಮರಣಕ್ಕೆ ತುತ್ತಾದರು. ಚಿತ್ರದ ಹೆಸರು "ನಾನು ಅವನಲ್ಲ ಅವಳು". ಒಂದು ಕೃತಿಯ ಹೆಸರು ಕೇವಲ ಸರ್ವನಾಮಗಳಿಂದ ಆಗಿರುವುದು ಎಷ್ಟು ಅಪರೂಪ! ಲಿಂಗವಿಲ್ಲದ "ನಾನು" ಎಂಬ ಉತ್ತಮಪುರುಷವು, ಪರರ ಬಾಯಲ್ಲಿರುವ ಪ್ರಥಮಪುರುಷವನ್ನು ಹಿಡಿದು ತಿದ್ದುತ್ತಿದೆ. ನಾನು ಮೇಲೆ ಪುಟಗಟ್ಟಲೆ ಹೇಳಿದ ವ್ಯಾಕರಣವೆಲ್ಲ ಆ ಮೂರು ಪದಗಳಲ್ಲಿ ಅಡಗಿದೆ. ಆ ಚಿತ್ರವನ್ನು ಕೊಂಡಾಡಿದ ನಾಡಿನ ಪತ್ರಿಕೆಗಳು ಅದರ ಹೆಸರನ್ನಾದರೂ ನೆನಪಿನಲ್ಲಿಟ್ಟುಕೊಳ್ಳಬೇಡವೆ?

ಟೀಕೆ ಮಾಡಿದವನು ದಾರಿಯನ್ನೂ ತೋರಿಸಬೇಕು. ನನಗೆ ತೋರುವ ನಿಯಮವು ಚಿಕ್ಕದು. ವಚನವನ್ನು ಸ್ಥಾನಮಾನದಿಂದ ನಿರ್ಣಯಿಸಿರಿ. ಅಂತಹದೇ ಸಂದರ್ಭದಲ್ಲಿ ಬೇರೆಯವರಿಗೆ ಬಹುವಚನವನ್ನು ಕೊಡುವಿರಾದರೆ ಇವರಿಗೂ ಕೊಡಿರಿ, ಏಕವಚನವಾದರೆ ಏಕವಚನವಿರಲಿ. ಲಿಂಗವನ್ನು ಮಾತ್ರ ಅವರ ಬಾಳಿನಿಂದ ನಿರ್ಣಯಿಸಿರಿ. ಹೆಣ್ಣಾಗಿ ಬಾಳುವವರು ಅವಳು, ಗಂಡಾಗಿ ಬಾಳುವವರು ಅವನು, ಎರಡನ್ನೂ ಒಲ್ಲದವರು ಅವರು. ಕೇಳಲು ಸಾಧ್ಯವಿದ್ದರೆ ಅವರನ್ನೇ ಕೇಳಿರಿ. ವಯಸ್ಸನ್ನೂ ಊರನ್ನೂ ಕೇಳುವ ವರದಿಗಾರನಿಗೆ ಇದೊಂದು ಭಾರವಲ್ಲ. ತಲೆಬರಹದಲ್ಲಿ ಹಿಡಿದ ಲಿಂಗವನ್ನು ಕಡೆಯ ಸಾಲಿನವರೆಗೆ ಬಿಡಬೇಡಿರಿ. ಮಂಜಮ್ಮ ಎಂಬ ಹೆಸರನ್ನು ಬರೆದು ಬಂದನು ಎಂದು ಮುಗಿಸುವುದು ಮನುಷ್ಯತ್ವಕ್ಕೆ ಮಾತ್ರವಲ್ಲ, ಕರ್ತೃಕ್ರಿಯೆಗಳ ಹೊಂದಿಕೆಗೂ ವಿರೋಧ. ಅದು ಎಂಬುದನ್ನು ಎಂದೂ ಬರೆಯಬೇಡಿರಿ.

ಪಾಣಿನೀಯರು ಸರ್ವನಾಮವೆಂಬುದನ್ನು ಅನ್ವರ್ಥಸಂಜ್ಞೆಯೆಂದು ಹೇಳುತ್ತಾರೆ. ಎಲ್ಲರಿಗೂ ಹೆಸರಾಗಬಲ್ಲದ್ದು ಸರ್ವನಾಮ. ನಲವತ್ತು ವರ್ಷ ಈ ಅರ್ಥವನ್ನು ಕರಿಹಲಗೆಯ ಮೇಲೆ ಬರೆದು, ಮಕ್ಕಳಿಂದ ಬಾಯಿಪಾಠ ಮಾಡಿಸಿದೆನು. ಆ ಎಲ್ಲರಲ್ಲಿ ಹಿಂದಿನ ಬೆಂಚಿನವರ ನಗೆಗೆ ತಲೆತಗ್ಗಿಸಿ ಕುಳಿತಿದ್ದ ಒಂದು ಮಗುವೂ ಸೇರಿತ್ತೆಂಬುದು ನನಗೆ ಹೊಳೆಯಲಿಲ್ಲ. ನನಗೆ ತಡವಾಯಿತು. ದಿನವೂ ಸಾವಿರಾರು ಮನೆಗಳಿಗೆ ಹೋಗಿ ಮಾತನಾಡುವ ಪತ್ರಿಕೆಗಳಿಗೆ ತಡವಾಗದಿರಲಿ.